ನಾಯಿಗಳು ತಡೆದ ಮೇಲೆ

ರೊಸಮೆಲ್ ಕುತ್ತಿಗೆಯನ್ನು ಮತ್ತೆ ತೊಳೆದುಕೊಂಡ. ತೊಟ್ಟಿಯ ಮೇಲೆ ಕಟ್ಟಿದ್ದ ತೆಳ್ಳನೆಯ ಮಂಜುಗಡ್ಡೆಯನ್ನು ಮೊಣಕೈಯಿಂದ ಒಡೆದು, ಬೊಗಸೆಯಲ್ಲಿ ನೀರು ಮೊಗೆದು, ಕಿವಿಯ ಹಿಂದೆ, ಕತ್ತಿನ ಗುಳಿಯಲ್ಲಿ, ಚರ್ಮ ಉರಿಯುವವರೆಗೆ ಉಜ್ಜಿದ. ನಿನ್ನೆ ಸಂಜೆಯೂ ತೊಳೆದಿದ್ದ. ಹಾಸಿಗೆಯಿಂದೆದ್ದ ಕೂಡಲೇ ತೊಳೆದಿದ್ದ. ಗುಡಿಸಲಿನ ಹಿಂದೆ ಸರಪಳಿಗೆ ಕಟ್ಟಿದ್ದ ನಾಯಿಗಳು, ತೀಸಾ ಮತ್ತು ಕಪಿತಾನ್, ಅವನನ್ನೇ ನೋಡುತ್ತಿದ್ದವು. ಎಂದಿನ ಹಾಗೆ ಕುಯ್‌ಗುಡಲಿಲ್ಲ, ಬಾಲ ಬಡಿಯಲಿಲ್ಲ. ಮುಂಗಾಲುಗಳ ಮೇಲೆ ಗದ್ದ ಊರಿ, ಕೆಲಸ ಮುಗಿಸಿ ಉಂಡು ಒರಗಿದ ಆಳುಗಳ ಹಾಗೆ ನಿರಾಳವಾಗಿ ನೋಡುತ್ತಿದ್ದವು. ಆ ನಿರಾಳ ಕಂಡು ಅವನಿಗೆ ಮೈಯುರಿಯಿತು. ಬಯ್ಯೋಣವೆಂದರೆ ಬಾಯಿಗೆ ಬೈಗುಳ ಬರಲಿಲ್ಲ. ಅವುಗಳದ್ದೇನು ತಪ್ಪು, ಅವು ತಮ್ಮ ಕೆಲಸ ಮಾಡಿದ್ದವು. ಮುಳ್ಳುತಂತಿಯ ಮೇಲೆ ಇಡೀ ರಾತ್ರಿ ಗಾಳಿಗೆ ಬಡಿದಾಡಿ ಹಲಗೆಯಂತೆ ಸೆಟೆದಿದ್ದ ಕೋಟನ್ನು ಕೊಡವಿ ತೊಟ್ಟುಕೊಂಡ. ಇನ್ನೊಂದು ಕೋಟು ಇದ್ದಿದ್ದರೆ ಇದನ್ನು ಒಲೆಗೆ ಹಾಕಬಹುದಿತ್ತು.

“ಏನೋ ಅದು, ಬಾತುಕೋಳಿ ಹಾಗೆ ನೀರಲ್ಲೇ ಬಿದ್ದಿದೀಯ?” ಒಳಗಿನಿಂದ ಕ್ಲೊದೊ ಮಾವ ಕೂಗಿದ. “ಬಾರೋ, ಮಾಟೆ ಆರಿಹೋಗ್ತಾ ಇದೆ.”

ಕ್ಲೊದೊಮಿರೊ ಅವನ ತಾಯಿಯ ಅಣ್ಣ, ಈ ಕುರಿ ಎಸ್ಟೇಟಿನ ಕೊನೆಯ ಸಿಂಹದ ಬೇಟೆಗಾರ. ಪೂಮಾ ಎಂಬುದು ಈಚೆಗೆ ಬಂದ ಮಾತು, ಕ್ಯಾಮೆರಾ ಹೊತ್ತು ಬರುವವರ ಬಾಯಿಯದು. ಬಯಲಿನ ಜನರಿಗೆ ಅದು ಎಂದಿಗೂ ಸಿಂಹವೇ, ಜೂಲಿಲ್ಲದ, ಗರ್ಜಿಸದ, ಕಣ್ಣಿಗೆ ಬೀಳದೆ ಕುರಿ ಮುರಿಯುವ ಸಿಂಹ. ಮಾವ ಒಂದು ಕಾಲದಲ್ಲಿ ಯಜಮಾನನ ಜೀಪು ಬರುವ ದಾರಿಯ ಬೇಲಿಯ ಮೇಲೆ ತೊಗಲುಗಳನ್ನು ಸಾಲಾಗಿ ಒಗೆದ ಬಟ್ಟೆಯ ಹಾಗೆ ಹರವುತ್ತಿದ್ದ. ಯಜಮಾನ ಜೀಪು ನಿಲ್ಲಿಸಿ, ಕೆಳಗಿಳಿದು, ಅವನ ಭುಜ ತಟ್ಟುತ್ತಿದ್ದ. ಅದೇ ಯಜಮಾನನ ಮಗ ಈಗ ಅರ್ಧ ಬಯಲನ್ನು ಕುರಿಗಳಿಂದ ಬಿಡಿಸಿ, ಸರೋವರದ ದಡದಲ್ಲಿ ಗಾಜಿನ ಗೋಡೆಯ ವಸತಿಗೃಹ ಕಟ್ಟಿಸಿ, ಸಿಂಹಗಳನ್ನು ತೋರಿಸಲು ಜನರನ್ನು ಕರೆಸುತ್ತಾನೆ. ಬೇಟೆನಾಯಿಗಳನ್ನೆಲ್ಲ ತೆಗೆಯಿರಿ ಎಂದು ಮೇನೇಜರು ಹೇಳಿ ಕಳಿಸಿದ ದಿನ ಮಾವ ಉಳಿದ ನಾಯಿಗಳನ್ನು ಗಡಿಯಾಚೆಯವರಿಗೆ ಕೊಟ್ಟು, ಈ ಎರಡನ್ನು ಮಾತ್ರ ಕುರಿ ಕಾಯುವ ನಾಯಿಗಳೆಂದು ಸುಳ್ಳು ಹೇಳಿ ಉಳಿಸಿಕೊಂಡಿದ್ದ. ಆಮೇಲೆ ಕಣ್ಣಿಗೆ ಪೊರೆ ಬಂದು ಒಲೆಯ ಪಕ್ಕದ ಬೆಂಚಿಗೆ ಅಂಟಿಕೊಂಡ. ನಾಯಿಗಳನ್ನು ಅಡ್ಡಾಡಿಸಿ ತರುವುದು ರೊಸಮೆಲ್‌ನ ಪಾಲಿಗೆ ಬಂತು.

ಮಾವ ಮಾಟೆ, ಅಂದರೆ ಕಹಿ ಎಲೆಯ ಚಹಾ, ತುಂಬಿದ ಸೋರೆಬುರುಡೆಯನ್ನು ಗಾಳಿಯಲ್ಲಿ ಚಾಚಿದ. ರೊಸಮೆಲ್ ಕೊಳವೆಯಿಂದ ಒಂದು ಗುಟುಕು ಹೀರಿ, ಕಹಿಯನ್ನು ನುಂಗಲಾರದೆ, “ಸಾಕು, ಉಪಕಾರ,” ಎಂದು ಹಿಂದಿರುಗಿಸಿದ.

“ಮೊದಲನೇ ಸುತ್ತಿಗೇ ಉಪಕಾರಾನಾ? ಯಾವಳಾದ್ರೂ ಕಾಯ್ತಾ ಇದಾಳಾ?” ಮುದುಕ ನಕ್ಕ. ಬಳಿಕ ದನಿ ಇಳಿಸಿ, ಗುಟ್ಟಿನ ಖುಷಿಯಲ್ಲಿ, “ನಿನ್ನೆ ನಾಯಿಗಳು ಹಿಡಿದ್ವು ಅಲ್ವೇನೋ?” ಎಂದ.

“ಏನನ್ನ?”

“ಲೋ, ಕಣ್ಣು ಹೋಗಿರೋದು, ಕಿವಿ ಹೋಗಿಲ್ಲ. ನಿನ್ನೆ ಬಂದಾಗಿಂದ ತೀಸಾ ಒಂದು ಸಲ ಕುಂಯ್ ಅಂದಿಲ್ಲ. ಸಿಂಹದ ರಕ್ತ ನೋಡಿದ ನಾಯಿ ಹಾಗೇ ಮಲಗೋದು. ಗಂಡೋ ಹೆಣ್ಣೋ?”

“ಗಂಡು.”

“ದೊಡ್ಡದಾ?”

“ಹೂಂ.”

“ಶಹಭಾಸ್. ಬಾಯಿ ಬಿಡಬೇಡ ಯಾರ ಹತ್ರಾನೂ.” ಮುದುಕ ಬುರುಡೆಗೆ ಬಿಸಿನೀರು ಹೊಯ್ದ. “ಗಂಡಾದ್ರೆ ಯಾಕೋ ಅಷ್ಟು ತೊಳ್ಕೋತಾ ಇದೀಯ?”

ರೊಸಮೆಲ್ ಹೊರಗೆ ಬಂದ. ಗಾಳಿ ಆಗಲೇ ಎದ್ದಿತ್ತು. ಹುಲ್ಲಿನ ಬುಡಗಳೆಲ್ಲ ಒಂದೇ ದಿಕ್ಕಿಗೆ ಬಾಗಿ, ಯಾರೋ ಓಡಿಹೋದ ದಾರಿಯನ್ನು ತೋರಿಸುವಂತೆ ನಡುಗುತ್ತಿದ್ದವು. ಹೀಗೇ ಇತ್ತು ನಿನ್ನೆಯೂ. ನರಿಗೆಂದು ಹೆಗಲಿಗೆ ಹಾಕಿಕೊಂಡ ಮಾವನ ಹಳೆಯ ಕೋವಿ, ಮುಂದೆ ನಾಯಿಗಳು. ತೀಸಾ ಥಟ್ಟನೆ ಮೂಗು ನೆಲಕ್ಕಿಟ್ಟಾಗಲೇ ಅವನು ಸೀಟಿ ಹೊಡೆದು ಕರೆದಿದ್ದರೆ ಅದು ಬರುತ್ತಿತ್ತೇನೋ. ಕರೆಯಲಿಲ್ಲ. ಕರೆಯಬೇಕೆಂದು ಅನ್ನಿಸಲೇ ಇಲ್ಲ ಎಂಬುದನ್ನು ರಾತ್ರಿಯೆಲ್ಲ ತಿರುವಿ ಹಾಕಿ ನೋಡಿದ್ದ. ಬೋಳು ಬಂಡೆಗಳ ಸಾಲಿನ ಕೆಳಗೆ ನಾಯಿಗಳ ದನಿ ಬದಲಾಯಿತು, ಓಟದ ಬೊಗಳು ಹೋಗಿ ತಡೆದು ನಿಲ್ಲಿಸಿದ ಬೊಗಳು, ಒಂದೇ ಸಮನೆ, ಬಾಗಿಲು ಬಡಿದ ಹಾಗೆ. ಆ ದನಿಗೆ ಅವನ ಕಾಲುಗಳು ತಾವಾಗಿ ಓಡಿದವು; ಹತ್ತು ವರ್ಷದವನಿದ್ದಾಗಿನಿಂದ ಓಡಿದ ಕಾಲು. ಶಾಲೆಗೆ ಬೆನ್ನು ಹಾಕಿ ಈ ದನಿಯ ಹಿಂದೆಯೇ ಅಲ್ಲವೆ ಅವನು ಹೋದದ್ದು. ಬಂಡೆಗೆ ಬೆನ್ನು ಕೊಟ್ಟು ಸಿಂಹ ನಿಂತಿತ್ತು. ಮೇಲೆ ಹಾರಿ ತಪ್ಪಿಸಿಕೊಳ್ಳಲು ದಾರಿಯಿತ್ತು, ಹಾರಲಿಲ್ಲ. ಕಿವಿ ಹಿಂದಕ್ಕೆ ಅಂಟಿಸಿ, ತುಟಿ ಎತ್ತಿ, ನಿಂತಲ್ಲೇ ನಿಂತಿತು. ಓಡದ ಸಿಂಹವೆಂದರೆ ಜಾಗ ಬಿಟ್ಟುಕೊಡದ ಮುದಿ ಗಂಡು ಎಂದುಕೊಂಡ. ನಾಯಿಗಳೆರಡೂ ತಿರುಗಿ ಅವನ ಮುಖ ನೋಡಿದವು.

ಅಷ್ಟೆ, ಆ ನೋಟ. ಮಾವ ಅವನಿಗೆ ಬೇರೆ ಏನನ್ನು ಕಲಿಸಿದ್ದನೋ ಬಿಟ್ಟಿದ್ದನೋ, ಇದನ್ನು ಮಾತ್ರ ಹೊಡೆದು ಕಲಿಸಿದ್ದ. ನಾಯಿಗಳು ತಡೆದು ನಿಲ್ಲಿಸಿದ ಮೇಲೆ ಮನುಷ್ಯ ಮುಗಿಸಲೇಬೇಕು. ಚಿಕ್ಕವನಿದ್ದಾಗ ಒಮ್ಮೆ ರೊಸಮೆಲ್ ಹೆದರಿ ನಾಯಿಗಳನ್ನು ಎಳೆದುಕೊಂಡು ಬಂದಿದ್ದ. ಮಾವ ಬೆಲ್ಟಿನಿಂದ ಬಾರಿಸಿ, “ಅವು ಹೊಟ್ಟೆ ಸೀಳಿಸ್ಕೊಳ್ಳೋಕೆ ತಯಾರಾಗಿ ನಿಂತಿದ್ವು ಕಣೋ, ನಿನ್ನ ನಂಬಿ! ಇನ್ನು ಯಾವ ಮುಖ ಇಟ್ಕೊಂಡು ಅವಕ್ಕೆ ಅನ್ನ ಹಾಕ್ತೀಯ?” ಎಂದಿದ್ದ. ಆ ನಾಯಿಗಳು ಆಮೇಲೆ ನಿಜವಾಗಿಯೂ ಕೆಟ್ಟುಹೋದವು. ಅರ್ಧ ದಾರಿಗೆ ನಿಂತು ಹಿಂದೆ ತಿರುಗಿ ನೋಡುತ್ತಿದ್ದವು. ನಿನ್ನೆ ತೀಸಾ ನೋಡಿದಾಗ ಕೋವಿ ಭುಜಕ್ಕೆ ಬಂತು. ಗುಂಡು ಹಾರಿದ ಮೇಲೆಯೇ ಅವನು ಯೋಚನೆ ಮಾಡಿದ್ದು. ಯಾರ ಕಣ್ಣಿಗೂ ಬೀಳದಂತೆ ಕೊರಕಲಿಗೆ ಒಯ್ದು ಹಾಕಬೇಕೆಂದು, ಗಾಯಗೊಂಡ ಕುರಿಯನ್ನು ಹೊರುವ ಹಾಗೆ ಕುತ್ತಿಗೆಯ ಸುತ್ತ ಹೊತ್ತುಕೊಂಡ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಕಾಲರಿನೊಳಗೆ ಏನೋ ಬೆಚ್ಚಗೆ ಇಳಿಯಿತು. ರಕ್ತವೆಂದುಕೊಂಡು ಒರಸಿಕೊಂಡ. ಬೆರಳು ಬೆಳ್ಳಗಿತ್ತು.

ಹಾಲು. ಅಂದರೆ ಆ ಬಂಡೆಗಳ ಸಂದಿಯಲ್ಲೆಲ್ಲೋ ಮರಿಗಳಿದ್ದವು. ಅದಕ್ಕೇ ಅದು ಹಾರಲಿಲ್ಲ. ಬೇಟೆಗೆ ಹೊರಡುವ ತಾಯಿ ಎಲ್ಲಿ ಬಿಟ್ಟು ಹೋಗುತ್ತದೋ ಅಲ್ಲೇ ಇರುತ್ತವೆ ಸಿಂಹದ ಮರಿಗಳು. ಅದು ಬಂದು ಕರೆಯುವವರೆಗೆ ಕದಲುವುದಿಲ್ಲ. ಒಂದು ದಿನವಾದರೂ, ಎರಡು ದಿನವಾದರೂ.

ಪಿಕಪ್ ಗಾಡಿಯ ಹಾರ್ನ್ ಕೇಳಿಸಿತು. ಸುನಿಲ್ದಾ ಬಾಗಿಲು ತೆರೆದೇ ಗಾಡಿ ನಿಲ್ಲಿಸಿದಳು. ಎಸ್ಟೇಟಿನ ಅಡುಗೆಯವಳ ಮಗಳು, ಅವನ ಓರಗೆಯವಳು. ಚಿಕ್ಕಂದಿನಲ್ಲಿ ಇಬ್ಬರೂ ತಬ್ಬಲಿ ಕುರಿಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆದವರು. ಪೇಟೆಗೆ ಹೋಗಿ ಕೋರ್ಸು ಮಾಡಿ ಬಂದು ಈಗ ಸಿಂಹ ತೋರಿಸುವವರ ಮುಖ್ಯಸ್ಥೆ; ಅವಳ ಕೈಕೆಳಗೆ ಹೆಜ್ಜೆ ಹುಡುಕುವ ಕೆಲಸ ರೊಸಮೆಲ್‌ನದು. ಅವಳ ಪಕ್ಕದಲ್ಲಿ ಮೊಣಕೈಯುದ್ದದ ಲೆನ್ಸನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಮುದುಕ ವಿಲೆಮ್, ಹಾಲೆಂಡಿನವನು.

“ಹತ್ತೋ ದೊರೆ. ರಾತ್ರಿ ಕುಡಿದಿದ್ಯಾ? ಮುಖ ನೋಡು, ಬೇಯಿಸಿದ ಬೀಟ್‌ರೂಟು.” ಹಾಗೆಂದು ಅವಳು ಅತಿಥಿಯ ಕಡೆ ತಿರುಗಿ, ಅವನ ಭಾಷೆಯಲ್ಲೂ ಇವರ ಭಾಷೆಯಲ್ಲೂ, ಪ್ರತಿಸಲ ಹೇಳುವುದನ್ನು ಹೇಳಿದಳು: “ಇವನ ಮನೆಯವರೆಲ್ಲ ಸಿಂಹ ಕೊಂದು ಬದುಕಿದೋರು. ಇವನು ಮಾತ್ರ ಕೋವಿ ಕೆಳಗಿಟ್ಟ. ಈಗ ಅವುಗಳ ಗೆಳೆಯ.”

ವಿಲೆಮ್ ಕೈ ಚಾಚಿ, ಕಲಿತು ಬಂದ ಮಾತುಗಳನ್ನು ಒಂದೊಂದಾಗಿ ಇಟ್ಟ. “ನಾನು ಕಳೆದ ವರ್ಷ ಬಂದಿದ್ದೆ. ಸೆನೀಸಾ ನನ್ನನ್ನು ನೋಡಿದಳು. ನನ್ನ ಹೆಂಡತಿ ಅದರ ನಂತರ ಸತ್ತಳು. ನಾನು ಮತ್ತೆ ಸೆನೀಸಾಳನ್ನು ನೋಡಲು ಬಂದೆ.”

ಸೆನೀಸಾ ಎಂದರೆ ಬೂದಿ. ಬೂದಿ ಬಣ್ಣದ ಹೆಣ್ಣು ಸಿಂಹಕ್ಕೆ ಸುನಿಲ್ದಾ ಇಟ್ಟ ಹೆಸರು; ನಿನ್ನೆ ಹಾಲು ಕಂಡ ಮೇಲೆಯೇ ಅವನಿಗೆ ಅವಳ ಗುರುತು ಹತ್ತಿದ್ದು. ಕೊಂದ ಸಿಂಹಕ್ಕೆ ಹೆಸರಿರುವುದು ಇದೇ ಮೊದಲು ಎಂದು ರೊಸಮೆಲ್‌ಗೆ ಹೊಳೆಯಿತು. ಬೇಲಿಯ ಮೇಲಿನ ತೊಗಲುಗಳಲ್ಲಿ ಒಂದಕ್ಕಾದರೂ ಯಾರೂ ಹೆಸರಿಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದ. ಕೋವಿ ಕೆಳಗಿಟ್ಟನಂತೆ! ಯಾವತ್ತು? ಕಸಿದುಕೊಂಡರು. ಕೊಲ್ಲು ಎಂದು ಭುಜ ತಟ್ಟಿದ ಮನೆಯವರೇ ಕೊಲ್ಲಬೇಡ ಎಂದು ಸಂಬಳ ಕೊಟ್ಟರು. ಅಂದೂ ಇಂದೂ ಸಿಂಹವೂ ಅವರದ್ದೇ, ಮಾವನೂ ಅವರವನೇ, ತನ್ನ ಪಶ್ಚಾತ್ತಾಪವೂ ಅವರದ್ದೇ. ಊಟದ ಹೊತ್ತಿಗೆ ಗಾಜಿನ ಗೋಡೆಯೊಳಗೆ ಅತಿಥಿಗಳ ಮುಂದೆ ಅವನನ್ನು ನಿಲ್ಲಿಸಿ ಮೇನೇಜರು ತೋರಿಸುತ್ತಿದ್ದುದು ಕುರಿ ತಿನ್ನುವುದನ್ನು ಬಿಟ್ಟ ತೋಳವನ್ನು ತೋರಿಸಿದ ಹಾಗೆ. ನಗಬೇಕಿತ್ತು, ನಗುತ್ತಿದ್ದ. ಆ ನಗುವಿನ ಸಿಟ್ಟು ಎಲ್ಲಿ ಹೋಗಿ ಕೂತಿತ್ತು? ನಿನ್ನೆ ಕೋವಿಯೆತ್ತಿದ ಕೈಯಲ್ಲಿ ಅದೂ ಇತ್ತೇ? ಇತ್ತು ಎಂದುಕೊಂಡರೆ ಹೆದರಿಕೆ, ಇಲ್ಲ ಎಂದುಕೊಂಡರೆ ಇನ್ನೂ ಹೆಚ್ಚು ಹೆದರಿಕೆ.

ಗಾಡಿ ಬಿಟ್ಟು ನಡೆದರು. “ಬಂಡೆಸಾಲಿನ ಕಡೆ ಹೋಗೋಣ್ವಾ? ಮೊನ್ನೆ ಅಲ್ಲೇ ಇದ್ಲು,” ಎಂದಳು ಸುನಿಲ್ದಾ.

“ಬೇಡ. ನಿನ್ನೆ ಸರೋವರದ ಕಡೆ ಇಳಿದ ಹೆಜ್ಜೆ ನೋಡ್ದೆ.”

“ಅವಳದ್ದೇನಾ?”

“ಅವಳದ್ದೇ.”

ಅವಳು ನಂಬಿದಳು. ನಂಬಿದ್ದೇ ಅವನಿಗೆ ಬಡಿದಂತಾಯಿತು. ದಿಬ್ಬ ಇಳಿದರು, ಕಲಾಫಾತೆಯ ಮುಳ್ಳುಪೊದೆಗಳ ನಡುವೆ ಗಾಳಿಗೆ ಬೆನ್ನು ಹಾಕಿ ನಡೆದರು. ಒಂದು ಗಂಡು ಸಿಂಹ ಹಿಂಗಾಲಿನಿಂದ ನೆಲ ಕೆರೆದು ಗುಡ್ಡೆ ಮಾಡಿ ಉಚ್ಚೆ ಹೊಯ್ದ ಗುರುತನ್ನು ವಿಲೆಮ್ ಮೊಣಕಾಲೂರಿ ಮೂಸಿದ. ಮೂಸಿ ಸಂತೋಷದಿಂದ ಸೀನಿದ. ಇವನು ಒಳ್ಳೆಯವನೆಂಬುದೇ ದೊಡ್ಡ ಕಾಟ. ಹಿಂದೆ ಬಂದ ಕೆಲವರು ಚಿಟಿಕೆ ಹೊಡೆದು ಕರೆಯುತ್ತಿದ್ದರು. ಅಂಥವನಾಗಿದ್ದರೆ ಇಡೀ ದಿನ ಗಾಳಿಯನ್ನೇ ತೋರಿಸಿ ಕಳಿಸಬಹುದಿತ್ತು, ಒಂದು ಚೂರೂ ಅಳುಕದೆ. ಈ ಮುದುಕ ಮಾತ್ರ ಏರು ಹತ್ತುವಾಗಲೆಲ್ಲ ನಿಂತು, ಉಸಿರು ಕಟ್ಟಿದವನ ಹಾಗೆ, “ಕ್ಷಮಿಸಿ, ನಾನು ನಿಧಾನ,” ಎನ್ನುತ್ತಿದ್ದ. ಕ್ಷಮಿಸಬೇಕಂತೆ. ರೊಸಮೆಲ್ ಮುಖ ತಿರುಗಿಸಿದ. ಮರಿಗಳಿಗೆ ಹಸಿವು ಎಷ್ಟು ಹೊತ್ತಿಗೆ ಹತ್ತುತ್ತದೆ? ಹುಟ್ಟಿ ಎರಡು ಮೂರು ತಿಂಗಳಾಗಿರಬೇಕು, ಮಾಂಸ ನೆಕ್ಕಲು ಕಲಿತಿರುತ್ತವೆ, ಹಾಲೂ ಬಿಟ್ಟಿರುವುದಿಲ್ಲ. ನರಿ ಮೂಸಿ ಬಂದರೆ? ರಾತ್ರಿ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿದ್ದ. ಏನು ಮಾಡಲೆಂದು ಎದ್ದೆ ಎಂಬುದು ತಿಳಿಯದೆ ಎರಡು ಸಲವೂ ಬಂದು ಮಲಗಿದ್ದ.

ಸರೋವರದ ದಡದಲ್ಲಿ ಗ್ವಾನಾಕೊಗಳು, ಡುಬ್ಬವಿಲ್ಲದ ಸಣ್ಣ ಒಂಟೆಯಂಥ ಕಾಡುಮೃಗಗಳು, ನಿಶ್ಚಿಂತೆಯಿಂದ ಮೇಯುತ್ತಿದ್ದವು. ಸಿಂಹ ಹತ್ತಿರದಲ್ಲೆಲ್ಲೂ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇದ್ದಿದ್ದರೆ ಕಾವಲಿಗೆ ನಿಂತ ಗಂಡು ಗ್ವಾನಾಕೊ ಕುದುರೆಯ ಹಾಗೆ ಕೆನೆಯುತ್ತಿತ್ತು.

“ನೀನು ನೋಡಿದ ಹೆಜ್ಜೆ ಎಲ್ಲೋ?” ಸುನಿಲ್ದಾ ಸೊಂಟಕ್ಕೆ ಕೈಯಿಟ್ಟಳು.

“ಗಾಳಿಗೆ ಅಳಿಸಿರ್ಬೇಕು.”

“ಮೂಗು ಕಟ್ಟಿದೆಯೋ ನಿಂದು? ಇಲ್ಲ ನಮ್ಮನ್ನ ಕುರಿ ಮಾಡ್ತಾ ಇದೀಯೋ?”

“ಅಷ್ಟು ಗೊತ್ತಿದ್ರೆ ನೀನೇ ಹುಡುಕು. ಕೋರ್ಸು ಮಾಡಿದೀಯಲ್ಲ.”

ಹೇಳಬಾರದಿತ್ತು. ಅವಳ ಮುಖ ಸಣ್ಣದಾಯಿತು. ಚಳಿಗಾಲದಲ್ಲಿ ಸೆನೀಸಾ ಕಾಲು ಕುಂಟಿಕೊಂಡು ತಿರುಗುತ್ತಿದ್ದಾಗ ಮೂರು ದಿನ ಬಂಡೆಯ ಮರೆಯಲ್ಲಿ ಮಲಗಿ ಕಾದವಳು ಇವಳು. ಕೆನ್ನೆಯ ಮೇಲೆ ಹಿಮ ಸುಟ್ಟ ಕಲೆ ಇನ್ನೂ ಇದೆ. ಅವಳು ದುರ್ಬೀನು ಎತ್ತಿ ಬೆಟ್ಟದ ಕಡೆ ತಿರುಗಿಸಿದಳು. ತಿರುಗಿಸಿದ್ದು ಹಾಗೇ ನಿಂತಿತು.

“ಕಾಂಡೊರ್‌ಗಳು! ನೋಡು ಅಲ್ಲಿ, ಕೊರಕಲಿನ ಮೇಲೆ. ನಾಲ್ಕು. ಇಲ್ಲ, ಐದು.” ಅವಳ ದನಿಯಲ್ಲಿ ಹುಡುಗಿಯ ಉತ್ಸಾಹ ಉಕ್ಕಿ ಬಂತು. “ಬೇಟೆ ಹೊಡೆದಿದಾಳೆ ಕಣೋ! ಹುಲ್ಲು ಮುಚ್ಚಿ ಅಲ್ಲೇ ಎಲ್ಲೋ ಮಲಗಿರ್ತಾಳೆ. ನಡೀರಿ!”

ಆಕಾಶದಲ್ಲಿ ಆ ದೊಡ್ಡ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. ಕೆಳಗಿಳಿಯುತ್ತಿರಲಿಲ್ಲ. ಇಳಿಯಲು ಅವನು ಬಿಟ್ಟಿರಲಿಲ್ಲ. ಕತ್ತಲಾಗುವವರೆಗೆ ಕಲ್ಲು ಹೊತ್ತು ಹೊತ್ತು ಮೇಲೆ ಪೇರಿಸಿದ್ದ. ಕಲ್ಲಿನಡಿಯಿಂದಲೂ ವಾಸನೆ ಆಕಾಶಕ್ಕೆ ಹೋಗುತ್ತದೆಯೇ, ಇಲ್ಲಾ ಅವು ನಿನ್ನೆ ಅವನನ್ನು ನೋಡಿದ್ದವೇ?

“ಅದು ಸತ್ತ ಗ್ವಾನಾಕೊ,” ಎಂದ. “ಮುದಿಯದ್ದು. ಕಾಲು ಮುರ್ಕೊಂಡು ಬಿದ್ದಿತ್ತು.”

“ಯಾವಾಗ ನೋಡ್ದೆ?”

“ನಿನ್ನೆ.”

“ನಿನ್ನೆ ಸರೋವರದ ಹತ್ರ ಇದ್ದೆ ಅಂದೆ.”

“ಅಲ್ಲಿಂದ ಹಾಗೇ ಬಂದೆ.”

“ಕಾಂಡೊರ್ ಯಾಕೆ ಇಳೀತಿಲ್ಲ ಹಾಗಾದ್ರೆ?”

“ನನ್ನ ಕೇಳ್ತೀಯಲ್ಲ, ಅವನ್ನ ಕೇಳು ಹೋಗಿ!”

ಕಿರಿಚಿಬಿಟ್ಟಿದ್ದ. ಗ್ವಾನಾಕೊಗಳು ತಲೆಯೆತ್ತಿದವು. ವಿಲೆಮ್ ತಾನೇ ಏನೋ ತಪ್ಪು ಮಾಡಿದೆನೆಂಬಂತೆ ಇಬ್ಬರ ಮುಖವನ್ನೂ ನೋಡಿ ಲೆನ್ಸಿನ ಮುಚ್ಚಳವನ್ನು ಹಾಕಿದ, ತೆಗೆದ. ಸುನಿಲ್ದಾ ಅವನನ್ನು ದಿಟ್ಟಿಸಿ ನೋಡಿ, ಬೆಟ್ಟದ ಕಡೆ ನಡೆಯತೊಡಗಿದಳು. ಅವಳ ಹಿಂದೆ ಮುದುಕ. ಅವರ ಹಿಂದೆ ತಾನು, ದಾರಿ ತೋರಿಸಬೇಕಾದವನು, ಕಟ್ಟಿ ಎಳೆದೊಯ್ಯುವ ಹೋರಿಯ ಹಾಗೆ. ಕೊರಕಲಿಗೆ ಹೋಗುವ ದಾರಿ ಬಂಡೆಸಾಲಿನ ಬುಡದಲ್ಲೇ ಹಾದುಹೋಗುತ್ತದೆ. ಓಡಿಬಿಡಲೇ ಎನ್ನಿಸಿತು. ಗಡಿ ದಾಟಿದರೆ ಅಲ್ಲಿ ಇನ್ನೂ ಸಿಂಹ ಹೊಡೆಯುವ ಎಸ್ಟೇಟುಗಳಿವೆ, ಎರಡು ಒಳ್ಳೆಯ ನಾಯಿಯಿದ್ದವನಿಗೆ ಯಾರೂ ಕೆಲಸ ಇಲ್ಲವೆನ್ನುವುದಿಲ್ಲ. ಮಾವನನ್ನೂ ಕರೆದೊಯ್ಯಬಹುದು. ಎರಡು ಒಳ್ಳೆಯ ನಾಯಿ... ನಿನ್ನೆ ಕೆಡದೆ ಉಳಿದ ನಾಯಿ. ಕಾಲು ಮಾತ್ರ ಅವರ ಹಿಂದೆಯೇ ಏರುತ್ತಿತ್ತು.

ಬಂಡೆಗಳ ಮರೆಗೆ ಬಂದೊಡನೆ ಗಾಳಿ ಒಮ್ಮೆಲೇ ನಿಂತಿತು. ಕಿವಿಯಲ್ಲಿ ಇಡೀ ದಿನದ ಮೊರೆತ ಖಾಲಿಯಾಗಿ, ಆ ಖಾಲಿಯಲ್ಲಿ ಸಣ್ಣದೊಂದು ಸೀಟಿ ಕೇಳಿಸಿತು. ಹಕ್ಕಿಯದೆನ್ನಬಹುದು. ಇನ್ನೊಂದು. ಸುನಿಲ್ದಾ ಕೈಯೆತ್ತಿ ವಿಲೆಮ್‌ನನ್ನು ತಡೆದು, ಮೆಲ್ಲನೆ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟಳು. ಅವಳ ಕಣ್ಣು ಹೊಳೆಯುತ್ತಿತ್ತು. “ಮರಿಗಳು,” ಎಂದು ಬಾಯಿಯಾಡಿಸಿದಳು, ದನಿಯಿಲ್ಲದೆ. ಸೆನೀಸಾ ಮರಿ ಹಾಕಿದ್ದು ಅವಳಿಗೂ ಗೊತ್ತಿರಲಿಲ್ಲ.

ಚಪ್ಪಡಿಯಂಥ ಬಂಡೆಯ ಅಡಿಯಿಂದ ಒಂದು ತಲೆ ಹೊರಬಂತು. ನೀಲಿ ಇನ್ನೂ ಮಾಸದ ಕಣ್ಣು, ಕಪ್ಪು ಮಚ್ಚೆಗಳ ಮೈ. ಅದರ ಹಿಂದೆ ಇನ್ನೆರಡು. ಮನುಷ್ಯರನ್ನು ಕಂಡು ಒಳಗೆ ಸರಿಯಬೇಕಿತ್ತು, ಸರಿದವು ಕೂಡ. ಬಳಿಕ ರೊಸಮೆಲ್ ಇಳಿಜಾರಿನಲ್ಲಿ ಒಂದು ಹೆಜ್ಜೆ ಮುಂದಿಟ್ಟ, ಯಾಕಿಟ್ಟನೋ, ಆಗ ಮೊದಲನೆಯದು ಮೂಗೆತ್ತಿತು. ಮೂಗನ್ನು ಎಡಕ್ಕೆ ಆಡಿಸಿತು, ಬಲಕ್ಕೆ ಆಡಿಸಿತು. ಸೀಟಿ ಹಾಕುತ್ತ, ದೊಡ್ಡ ಪಾದಗಳ ಮೇಲೆ ತಡವರಿಸುತ್ತ, ನೇರ ಅವನ ಕಡೆಗೆ ಬಂತು. ಬಂದು ಅವನ ಬೂಟು ಮೂಸಿ, ಮೊಣಕಾಲಿಗೆ ಮುಂಗಾಲು ಹಾಕಿ ನಿಂತು, ಕೋಟಿನ ಅಂಚಿಗೆ ಮುಖ ಒತ್ತಿತು. ಉಳಿದೆರಡೂ ಬಂದವು. ಒಂದು ಅವನ ಹಿಮ್ಮಡಿಗೆ ಮೈ ಉಜ್ಜಿತು. ಅವನು ಕಾಲು ಮಡಚಿ ಕೂತುಬಿಟ್ಟ. ಕೂತದ್ದೇ ತಡ, ಮೊದಲನೆಯದು ಅವನ ಎದೆಯ ಮೇಲೆ ಹತ್ತಿ ಕಾಲರನ್ನು ಹುಡುಕಿತು. ಹುಡುಕಿ, ಕುರಿಚರ್ಮದ ಉಣ್ಣೆಯನ್ನು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ ಚೀಪತೊಡಗಿತು. ಹಿಂದಿನಿಂದ ವಿಲೆಮ್‌ನ ಕ್ಯಾಮೆರಾ ಮಿಡತೆಯ ಹಾಗೆ ಚಿಟಿಚಿಟಿ ಅನ್ನುತ್ತಿತ್ತು. ಮುದುಕ ಅಳುತ್ತಿದ್ದ, ಅಳುತ್ತಲೇ ಒತ್ತುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಚಿಟಿಚಿಟಿ ನಿಂತಿತು. ರೊಸಮೆಲ್ ತಿರುಗಿ ನೋಡಿದ. ಸುನಿಲ್ದಾ ತನ್ನ ಅಂಗೈಯನ್ನು ಲೆನ್ಸಿನ ಮೇಲೆ ಅಡ್ಡ ಹಿಡಿದಿದ್ದಳು. ವಿಲೆಮ್‌ಗೆ ಮೆತ್ತಗೆ ಏನೋ ಹೇಳಿದಳು, ಇನ್ನು ಸಾಕು, ಅವಕ್ಕೆ ಶಾಂತಿ ಬೇಕು ಎಂದಿರಬೇಕು. ಮುದುಕ ತಲೆಯಾಡಿಸಿ, ಬಗ್ಗಿಕೊಂಡು ಬಂದು, ರೊಸಮೆಲ್‌ನ ಒಂದು ಕೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದ. “ಅವು ನಿಮ್ಮನ್ನು ನಂಬುತ್ತವೆ,” ಎಂದ. “ಇಂಥದ್ದನ್ನು ನಾನು ನೋಡಿಲ್ಲ. ಧನ್ಯವಾದ, ಧನ್ಯವಾದ.” ಆ ಕೈಯನ್ನು ಕಚ್ಚಬೇಕೆನ್ನಿಸಿತು. ಮುದುಕ ಮೂಗೊರಸಿಕೊಳ್ಳುತ್ತ ದಾರಿಯ ಕಡೆ ಇಳಿದುಹೋದ.

ಸುನಿಲ್ದಾ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಮರಿಯನ್ನು ನೋಡಿದಳು, ಕಾಲರನ್ನು ನೋಡಿದಳು.

“ಯಾವಾಗ?”

“ನಿನ್ನೆ. ಕತ್ತಲಾಗೋಕೆ ಮುಂಚೆ.”

“ಕೊರಕಲಲ್ಲಿದಾಳಾ?”

“ಹೂಂ.”

“ಬೆಳಗ್ಗಿಂದ ನಡೆಸಿದೆಯಲ್ಲೋ ನಮ್ಮನ್ನ. ಆ ಮುದುಕಪ್ಪನ್ನ. ಯಾಕೋ ಮಾಡ್ದೆ? ಕುರಿ ತಿಂದಿದ್ಲಾ?”

“ಇಲ್ಲ. ನಾಯಿಗಳು ತಡೆದುಬಿಟ್ಟಿದ್ವು.”

“ತಡೆದ್ರೆ?”

“ತಡೆದ ಮೇಲೆ ಬಿಡೋ ಹಾಗಿಲ್ಲ. ಹಾಗೇ ಎಳ್ಕೊಂಡು ಬಂದ್ರೆ ನಾಯಿಗಳು ಕೆಟ್ಟುಹೋಗ್ತವೆ. ನಿಂಗೆ ಗೊತ್ತಿಲ್ವಾ, ನೀನೂ ಇಲ್ಲೇ ಬೆಳೆದೋಳು. ಮತ್ತೆ ಬೇಟೆಗೆ ಬರಲ್ಲ ಅವು...”

ಯಾವ ಬೇಟೆಗೆ? ಅವಳು ಕೇಳಲಿಲ್ಲ, ಅವನಿಗೇ ಕೇಳಿಸಿತು. ಇನ್ನೆಂದೂ ಬೇಟೆಗೆ ಹೋಗದ, ಸರಪಳಿಯಲ್ಲೇ ಮುದಿಯಾಗಿ ಸಾಯುವ ಎರಡು ನಾಯಿಗಳ ನಂಬಿಕೆಯನ್ನು ಅವನು ಕಾಪಾಡಿದ್ದ. ಇಷ್ಟೇ. ಸಿಟ್ಟೂ ಅಲ್ಲ, ಸೇಡೂ ಅಲ್ಲ. ಸೇಡಾಗಿದ್ದರೆ ತಲೆಯೆತ್ತಿ ಹೇಳಬಹುದಿತ್ತು.

ಸುನಿಲ್ದಾ ಬಯ್ಯುತ್ತಾಳೆಂದು ಕಾದ. ಬಯ್ಯಲಿಲ್ಲ. “ಸಾಯಂಕಾಲ ಮೇನೇಜರ ಹತ್ರ ನೀನು ಹೇಳ್ತೀಯೋ, ನಾನು ಹೇಳ್ಲೋ?” ಎಂದಳು.

“ನಾನೇ ಹೇಳ್ತೀನಿ.”

“ಓಡಿಹೋಗ್ತೀಯ.”

“ಇಲ್ಲ.” ಮರಿ ಚೀಪುವುದನ್ನು ಬಿಟ್ಟು, ಏನೂ ಬರದ್ದಕ್ಕೆ ಗುರುಗುಟ್ಟಿ, ಕಾಲರಿನ ಇನ್ನೊಂದು ಬದಿ ಹಿಡಿಯಿತು. “ಮೊದ್ಲು ಇವಕ್ಕೆ ಏನಾದ್ರೂ ತಂದು ಹಾಕ್ತೀನಿ. ಒಂದು ಕುರಿ.”

“ಕುರಿ ಬೇಡ ಕಣೋ. ಕುರಿ ರುಚಿ ಹತ್ತಿದ್ರೆ ನಾಳೆ ಕುರಿಗೇ ಬರ್ತವೆ. ಬೇಲಿಯಾಚೆ ಯಾವನಾದ್ರೂ ನಾಯಿ ಬಿಡ್ತಾನೆ. ನೀನು ನಿನ್ನೆ ಮಾಡಿದ್ದನ್ನೇ ಮಾಡ್ತಾನೆ.”

“ಹಾಗಾದ್ರೆ ಹಸಿವಲ್ಲಿ ಸಾಯ್ಲಾ? ಇವತ್ತು ಸಾಯೋದಕ್ಕಿಂತ...”

“ಗೊತ್ತು. ಗೊತ್ತು ನಂಗೆ!” ಅವಳು ಮುಖ ಉಜ್ಜಿಕೊಂಡಳು. “ಸರೋವರದ ಆಚೆ ಒಂದು ಹೆಣ್ಣಿದೆ. ಹೋದ ವರ್ಷ ಬೇರೆಯವಳ ಮರಿ ತನ್ನ ಬೇಟೆಗೆ ಬಾಯಿ ಹಾಕಿದ್ರೂ ಓಡಿಸ್ಲಿಲ್ಲ. ಅವಳು ಈ ಕಡೆ ಬಂದ್ರೆ... ಬರ್ತಾಳೋ ಇಲ್ವೋ. ಬರೋವರೆಗೆ ಉಳಿದಿದ್ರೆ.” ಎದ್ದು ನಿಂತಳು. ಹೋಗುವಾಗ ತಿರುಗದೆಯೇ, “ಗ್ವಾನಾಕೊ ಅಂತೂ ನಿನಗೋಸ್ಕರ ನಿಲ್ಲಲ್ಲ,” ಎಂದಳು. ಅದು ಒಪ್ಪಿಗೆಯೋ ಬಯ್ಗುಳವೋ ಅವನಿಗೆ ತಿಳಿಯಲಿಲ್ಲ. ಅವಳ ತಲೆ ಇಳಿಜಾರಿನ ಕೆಳಗೆ ಮುಳುಗಿತು.

ಅವನು ಎದ್ದರೆ ಮರಿಗಳೂ ಎದ್ದವು. ಎರಡು ಹೆಜ್ಜೆ ನಡೆದರೆ ಹಿಂದೆಯೇ ಬಂದವು, ತಾಯಿಯ ಹಿಂದೆ ಬರುವ ಹಾಗೆ, ಒಂದರ ಹಿಂದೊಂದು. ಕಲ್ಲೆತ್ತಿ ಹೆದರಿಸಲು ಬಗ್ಗಿದ. ಅವು ಆ ಬಗ್ಗಿದ ಕೈಯನ್ನು ನೆಕ್ಕಲು ಬಂದವು. ಕೊನೆಗೆ ಕೋಟು ಬಿಚ್ಚಿ ಚಪ್ಪಡಿಯಡಿಗೆ ತಳ್ಳಿದ. ಮೂರೂ ಒಳಗೆ ನುಗ್ಗಿ, ಅದರ ಮಡಿಕೆಗಳನ್ನು ತುಳಿದು ತುಳಿದು, ತೋಳಿನೊಳಗೆ ತಲೆ ತುರುಕಿದವು. ಅವನನ್ನು ಒಂದೂ ತಿರುಗಿ ನೋಡಲಿಲ್ಲ. ಬೇಕಾದದ್ದು ಅವನಾಗಿರಲಿಲ್ಲ, ಎಂದೂ.

ಬಂಡೆಯ ಮರೆ ದಾಟಿದೊಡನೆ ಗಾಳಿ ಅಂಗಿಯೊಳಗೆ ಕೈ ಹಾಕಿತು. ಕೆಳಗಿನ ಹರವಿನಲ್ಲಿ ಎಸ್ಟೇಟಿನಲ್ಲಿ ಉಳಿದ, ಅವನೇ ಕಾಯುವ ಕುರಿಗಳು ಮೇಯುತ್ತಿದ್ದವು, ಅವನೇ ಕಿವಿಗೆ ಗುರುತು ಹಾಕಿದವು, ಅವನೇ ಕತ್ತರಿಸಿ ಬಿಟ್ಟ ಉಣ್ಣೆ ಮತ್ತೆ ಬೆಳೆದವು. ಎಂದಿನ ಹಾಗೆ ನಾಲಗೆಯಿಂದ ಲೊಚಗುಟ್ಟಿ ಕರೆಯುತ್ತ ನಡೆದ. ಮುಂದಿನ ಮುದಿ ಕುರಿ ತಲೆಯೆತ್ತಿತು. ಮೂಗು ಅರಳಿಸಿತು. ಮರುಕ್ಷಣ ಇಡೀ ಹಿಂಡು, ಬಟ್ಟೆ ಹರಿದ ಹಾಗೆ ಸದ್ದು ಮಾಡಿ, ಎರಡಾಗಿ ಸೀಳಿ ಓಡಿತು. ನಿಂತ. ಅವೂ ದೂರ ಹೋಗಿ ನಿಂತವು. ಮತ್ತೆ ನಡೆದ, ಮತ್ತೆ ಓಡಿದವು, ಕಣ್ಣು ಬೆಳ್ಳಗೆ ಮಾಡಿಕೊಂಡು, ಒಂದರ ಮೇಲೊಂದು ಬಿದ್ದು. ಅವುಗಳ ಓಟ ಅವನಿಗೆ ಗೊತ್ತಿತ್ತು. ಮನುಷ್ಯನನ್ನು ಕಂಡು ಕುರಿ ಹಾಗೆ ಓಡುವುದಿಲ್ಲ; ಕೋಟು ಹೋದರೂ ಸಿಂಹದ ವಾಸನೆ ಮೈಗೆ ಅಂಟಿತ್ತು. ಓಡಿ ಹಿಡಿಯಲು ಹೋದ, ಎಡವಿ ಬಿದ್ದ, ಬಾಯಿಗೆ ಮಣ್ಣು ಬಂತು. ತನ್ನ ಕುರಿಗಳಿಗೇ ಬಾಯಿಗೆ ಬಂದದ್ದೆಲ್ಲ ಬಯ್ದ, ಯಜಮಾನನಿಗೆ ಬಯ್ದ, ಮಾವನಿಗೆ ಬಯ್ದ, ಬಯ್ಯಲು ಯಾರೂ ಉಳಿಯದಾಗ ಸುಮ್ಮನಾದ. ಸೂರ್ಯ ಬೆಟ್ಟದ ಹಿಂದೆ ಜಾರುತ್ತಿದ್ದ. ಗಾಡಿ ದೂರದ ದಾರಿಯಲ್ಲಿ ಧೂಳೆಬ್ಬಿಸುತ್ತ ಹೋಗುತ್ತಿತ್ತು. ಬಿದ್ದಲ್ಲಿಂದ ಏಳಲಿಲ್ಲ. ಮುಖ ತಿರುಗಿಸಿ, ವಾಸನೆ ಹಿಂಡಿನ ಕಡೆ ಹೋಗದ ಹಾಗೆ ಗಾಳಿ ಹಣೆಗೆ ಬಡಿಯುವಂತೆ ಮಾಡಿಕೊಂಡ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಮೊಣಕೈ ಮೊದಲು, ಮೊಣಕಾಲು ಆಮೇಲೆ, ಹುಲ್ಲಿನ ಬುಡಗಳ ನಡುವೆ ಸರಿಯತೊಡಗಿದ. ಕುರಿಗಳು ತಲೆಯೆತ್ತಿದಾಗ ನಿಂತ, ತಗ್ಗಿಸಿದಾಗ ಸರಿದ. ಯಾರೂ ಅವನಿಗೆ ಇದನ್ನು ಕಲಿಸಿರಲಿಲ್ಲ. ಹಿಂಡಿನ ಅಂಚಿನಲ್ಲಿ ಒಂದು ಕುರಿ ಉಳಿದವುಗಳಿಂದ ಬೇರೆಯಾಗಿ, ಬೆನ್ನು ತಿರುಗಿಸಿ ಮೇಯುತ್ತಿತ್ತು. ಅವನು ಉಸಿರು ಬಿಗಿಹಿಡಿದ.